ಒಂದು ಗೋಣಿ ಕರಟ

ಪ್ರಶಾಂತ ಗೋಣಿಯನ್ನು ತಕ್ಕಡಿಗೆ ಏರಿಸಲಿಲ್ಲ. ಹೋಟೆಲಿನ ಹಿಂಬಾಗಿಲಲ್ಲೇ ಅದನ್ನು ಬೋರಲು ಮಾಡಿ ಸುರಿದ. ತೆಂಗಿನ ಕರಟಗಳು ಗಡಗಡ ಉರುಳಿದವು. ಮೇಲಿದ್ದವೆಲ್ಲ ಖಾಲಿ ಕರಟ, ಸರಿ. ಅಡಿಯಲ್ಲಿದ್ದವು ಮಾತ್ರ ಬೆಳ್ಳಗೆ ಹಲ್ಲು ಕಿರಿದವು. ಕಾಯಿ ಒಡೆದದ್ದು ಒಡೆದ ಹಾಗೆಯೇ ಇತ್ತು, ತುರಿಮಣೆಯನ್ನು ಕಂಡೇ ಇರಲಿಲ್ಲ.

“ಇದೆಂತದು ದೂಜಣ್ಣ? ಕಾಯಿಯೇ ಉಂಟಲ್ಲ ಇದರಲ್ಲಿ!”

ಹೋಟೆಲಿನ ಹಳೆಯ ಅಡುಗೆಯಾಳು ದೂಜ ಹೆಗಲ ಮೇಲಿನ ಬೈರಾಸಿನಿಂದ ಮುಖ ಒರೆಸಿಕೊಂಡ. ಮುಂಬಯಿ ಕಾಂದಿವಲಿಯ ಆ ಇಂಡಸ್ಟ್ರಿಯಲ್ ಎಸ್ಟೇಟಿನ ಗೋಡೆಯನ್ನು ಈಗಷ್ಟೇ ಕಂಡವನಂತೆ ಅದನ್ನೇ ನೋಡುತ್ತ ನಿಂತ.

“ಹೋದ ವಾರವೂ ಹೀಗೇ ಆದದ್ದು. ನಮ್ಮ ಕಂಪೆನಿಯ ಒಲೆಯಿಂದ ಎಣ್ಣೆಹೊಗೆ ಎದ್ದು ಪೈಪೆಲ್ಲ ಕಟ್ಟಿಹೋಯ್ತು. ಮ್ಯಾನೇಜರ್ ನನ್ನ ಮರ್ಯಾದೆ ತೆಗೆದ. ಯಾರ ಕೆಲಸ ಇದು, ಒಳಗಿನ ಹುಡುಗರದ್ದಾ?”

“ಅವರದ್ದಲ್ಲ. ನನ್ನದೇ.”

ಪ್ರಶಾಂತನ ಕಂಪೆನಿ ಹೋಟೆಲುಗಳಿಂದ ಕರಟ ಒಯ್ದು, ಗಾಳಿಯಾಡದ ಒಲೆಯಲ್ಲಿ ಬೇಯಿಸಿ ಬಯೋಚಾರ್ ಎಂಬ ಇದ್ದಿಲು ಮಾಡುತ್ತದೆ. ಅದನ್ನು ಹೊಲದ ಮಣ್ಣಿಗೆ ಬೆರೆಸುತ್ತಾರೆ. ಹೊಗೆಯಾಗಿ ಆಕಾಶ ಸೇರಬೇಕಾಗಿದ್ದ ಇಂಗಾಲ ನೂರಾರು ವರ್ಷ ಮಣ್ಣಿನಲ್ಲೇ ಬಿದ್ದಿರುತ್ತದಂತೆ. ಹಾಗೆ ಬಿದ್ದಿರುವುದಕ್ಕೆ, ಎಲ್ಲೋ ಹೊಗೆ ಬಿಡುವ ದೊಡ್ಡ ಕಂಪೆನಿಗಳು ಹಣ ಕೊಡುತ್ತವಂತೆ. ಪ್ರಶಾಂತ ಇದನ್ನು ಮೊದಲ ಸಲ ಬಿಡಿಸಿ ಹೇಳಿದಾಗ ದೂಜ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. “ಅವರ ಹೊಗೆಗೆ ನಮ್ಮ ಗೆರಟೆಯಾ ಮಾರಾಯ!” ಎಂದಿದ್ದ. ಅವನು ತುಳುವಿನಲ್ಲಿ ನಕ್ಕು ಬಹಳ ಕಾಲವಾಗಿತ್ತು.

ಆ ಅಡುಗೆಮನೆಯಲ್ಲಿ ಈಗ ತುಳು ಉಳಿದಿಲ್ಲ. ಊರಿನವರು ಒಬ್ಬೊಬ್ಬರಾಗಿ ಹೋದರು. ಅವರ ಜಾಗಕ್ಕೆ ಒಡಿಶಾದವರು, ನೇಪಾಳದವರು ಬಂದರು. ಕೆಟ್ಟವರಲ್ಲ, ಚಾಚಾ ಚಾಚಾ ಎನ್ನುತ್ತಾರೆ. ಆದರೆ ಅವರ ನಗೆ ಅವರದು, ಅದರಲ್ಲಿ ದೂಜನಿಗೆ ಪಾಲಿಲ್ಲ. ಧಣಿಯ ಮಗ ಸುಕೇಶನಿಗೆ ತುಳು ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ ಬರುತ್ತದೆ. ದಿನವೂ ನೂರಾರು ಜನ ಉಂಡು ಏಳುವ ಜಾಗ ಅದು. ಅಲ್ಲಿ ದೂಜನಿಗೆ “ಒಣಸ್ ಆಂಡಾ?” ಎಂದು, ಊಟವಾಯಿತೇ ಎಂದು, ಅವನ ಮಾತಿನಲ್ಲಿ ಕೇಳುವವನು ಶನಿವಾರ ಕರಟ ಒಯ್ಯಲು ಬರುವ ಈ ಪ್ರಶಾಂತ ಒಬ್ಬನೇ. ಗೋಣಿ ತುಂಬದ ಹೋಟೆಲಿಗೆ ಗಾಡಿ ಕಳಿಸುವುದಿಲ್ಲ ಎಂಬುದು ಕಂಪೆನಿಯ ನಿಯಮ.

“ನಮ್ಮಲ್ಲಿ ಕಾಯಿ ಒಡೆಯುವುದು ನಿಂತು ಎಷ್ಟೋ ಸಮಯ ಆಯ್ತು,” ಎಂದ ದೂಜ. “ಈಗ ಪ್ಯಾಕೆಟಿನ ತುರಿ ಬರುವುದು. ನನ್ನ ತುರಿಮಣೆ ಅಟ್ಟ ಸೇರಿದೆ.”

“ಮತ್ತೆ ಇಷ್ಟು ದಿನ ಗೆರಟೆ ಎಲ್ಲಿಂದ?”

“ನಾನೇ ಬಜಾರಿನಿಂದ ಕಾಯಿ ತಂದೆ. ಮೊದಲೆಲ್ಲ ತುರಿಮಣೆ ಇಳಿಸಿ ಹೆರೆದು, ಯಾರಿಗೂ ತಿಳಿಯದ ಹಾಗೆ ಚಟ್ನಿಗೆ ಹಾಕುತ್ತಿದ್ದೆ. ಗಿರಾಕಿಗಳು ಚಟ್ನಿ ಭಾರೀ ಲಾಯ್ಕ ಉಂಟು ಅಂತ ಹೊಗಳಿದರು ನೋಡು, ಅಲ್ಲಿಗೆ ಕೆಟ್ಟಿತು. ಪ್ಯಾಕೆಟ್ ಯಾಕೆ ಉಳಿಯುತ್ತದೆ ಅಂತ ಸುಕೇಶ್ ಕೇಳಿದ. ಆಮೇಲೆ ಹೆರೆದದ್ದನ್ನು ಎಲ್ಲಿ ಹಾಕುವುದು? ಮೇಲೆ ಹಾಕಲಿಕ್ಕೆ ನಾಲ್ಕು ಮಾತ್ರ ಹೆರೆದು, ಉಳಿದದ್ದನ್ನು ಒಡೆದು ಹಾಗೇ ತುಂಬಿಸಿಬಿಟ್ಟೆ.”

“ನಿಮಗೆ ತಲೆ ಸಮ ಉಂಟಾ? ಕಾಯಿ ಕೊಂಡು ಗೆರಟೆ ಕೊಡುವವರನ್ನು ನಾನು ಇವತ್ತೇ ನೋಡಿದ್ದು. ಎಂತಕ್ಕೆ ದೂಜಣ್ಣ ಇದೆಲ್ಲ?”

“ಗೋಣಿ ತುಂಬದಿದ್ದರೆ ನೀನು ಬರುವುದಿಲ್ಲವಲ್ಲ.”

ಪ್ರಶಾಂತ ಕೈಯಲ್ಲಿದ್ದ ಗೋಣಿಯನ್ನು ಕೆಳಗಿಟ್ಟ. ಅವನು ಮೆಟ್ಟಿಲ ಮೇಲೆ ಕುಳಿತು, ಒಂದು ಹೋಳಿನಿಂದ ಕಾಯಿಯ ಚೂರು ಎಬ್ಬಿಸಿ ಬಾಯಿಗೆ ಹಾಕಿಕೊಂಡ. ಇನ್ನೊಂದು ಚೂರನ್ನು ದೂಜನ ಕೈಗಿಟ್ಟ. ದೂಜನೂ ಪಕ್ಕದಲ್ಲಿ ಕೂತು ಅಗಿದ.

“ನಾನು ಸುಮ್ಮನೆ ಬರಬಹುದಿತ್ತು,” ಎಂದ ಪ್ರಶಾಂತ. “ಆದರೆ ಗಾಡಿ ನಿಂತಲ್ಲೆಲ್ಲ ಗೋಣಿಯ ಫೋಟೊ ಹೋಗಬೇಕು. ಗೋಣಿ ಇಲ್ಲದೆ ನಿಂತರೆ ಆಫೀಸಿನವರು ಕಂಪ್ಯೂಟರಿನಲ್ಲಿ ನೋಡಿ ಕೇಳುತ್ತಾರೆ. ನನ್ನ ರಜೆ ಭಾನುವಾರ, ನಿಮಗೆ ಅವತ್ತೇ ಉಸಿರಾಡಲಿಕ್ಕೆ ಪುರುಸೊತ್ತಿಲ್ಲ. ಫೋನ್ ಮಾಡಲಾ?”

“ಫೋನಲ್ಲಿ ಎಂತ ಮಾತಾಡುವುದು? ನೀನು ಹಲೋ ಅನ್ನುವುದು, ನಾನು ಹಲೋ ಅನ್ನುವುದು.”

ಪ್ರಶಾಂತ ಗೋಣಿಯನ್ನು ಕೊಡವಿ, ಮಡಚಿ ದೂಜನ ಪಕ್ಕದಲ್ಲಿಟ್ಟ. “ಹೀಗೆ ಮಾಡುವ. ಶನಿವಾರ ಮಧ್ಯಾಹ್ನ ಮೇನ್ ರೋಡಿನಲ್ಲಿ ನನ್ನ ಗಾಡಿ ಹೋಗುವಾಗ ಎರಡು ಸಲ ಹಾರ್ನ್ ಹೊಡೆಯುತ್ತೇನೆ. ಒಣಸ್ ಆಂಡಾ ಅಂತ ಕೇಳಿದ್ದು ಅಂತ ತಿಳಿದುಕೊಳ್ಳಿ. ಆಯ್ತಾ?”

ದೂಜ ತಲೆಯಾಡಿಸಿದ.

ಮುಂದಿನ ಶನಿವಾರ ಊಟದ ಗಲಾಟೆ ಇಳಿಯುವ ಮೊದಲೇ ಅವನು ಕೈ ತೊಳೆದುಕೊಂಡು ಹಿಂಬಾಗಿಲಿಗೆ ಬಂದು ನಿಂತ. ಇನ್ನೂ ಉಂಡಿರಲಿಲ್ಲ. ಕಟ್ಟಡಗಳ ಆಚೆ ಎಲ್ಲೋ ಎರಡು ಸಲ ಹಾರ್ನ್ ಕೇಳಿಸಿತು. ದೂಜನ ಮುಖ ಅರಳಿತು. “ಆಂಡ್ ಮಾರಾಯ, ಆಂಡ್,” ಎಂದ, ಆಯಿತು ಎಂದ. ಅಷ್ಟರಲ್ಲಿ ಮತ್ತೆರಡು ಸಲ ಕೇಳಿಸಿತು. ಅದರ ಹಿಂದೆಯೇ ಇನ್ನೆರಡು ಸಲ. ಕಾಂದಿವಲಿಯ ಟ್ರಾಫಿಕ್ಕಿನಲ್ಲಿ ಎರಡೆರಡು ಸಲ ಹಾರ್ನ್ ಹೊಡೆಯದವರು ಯಾರಿದ್ದಾರೆ? ಯಾವುದು ಪ್ರಶಾಂತನದೋ ತಿಳಿಯದೆ, ದೂಜ ಒಂದನ್ನೂ ಬಿಡದೆ ಎಲ್ಲದಕ್ಕೂ ಆಂಡ್, ಆಂಡ್ ಎನ್ನುತ್ತ ನಿಂತ.

ಬೆನ್ನ ಹಿಂದೆ, ಅಡುಗೆಮನೆಯೊಳಗಿನಿಂದ ಯಾರೋ “ಚಾಚಾ, ಖಾನಾ ಖಾಯಾ?” ಎಂದು, ಊಟವಾಯಿತೇ ಎಂದು, ಕೇಳುತ್ತಿದ್ದದ್ದು ಅವನ ಕಿವಿಗೆ ಬೀಳಲಿಲ್ಲ.