ಮೂವತ್ತೆರಡನೆಯ ಹೆಸರು

ಮೂವತ್ತೊಂದು ಜನರನ್ನು ಕೆಲಸದಿಂದ ತೆಗೆಯುವ ಪತ್ರದಲ್ಲಿ ‘ಕುಟುಂಬ’ ಎಂಬ ಪದ ಕಡಿಮೆಯೆಂದರೂ ನಾಲ್ಕು ಸಲ ಬರಬೇಕು. ಇದು ಮಾಲೀಕನ ಅಪ್ಪಣೆ. ಮೂರನೆಯ ಸಲಕ್ಕೆ ಅವಳ ಬೆರಳುಗಳು ನಿಂತುಬಿಟ್ಟವು.

ಆ ಮೊಬೈಲ್ ಆ್ಯಪ್ ಕಂಪನಿಯಲ್ಲಿ ಮಾಲೀಕನ ಹೆಸರಿನಲ್ಲಿ ಹೊರಡುವ ಪ್ರತಿಯೊಂದು ಪತ್ರ, ಪ್ರತಿಯೊಂದು ಭಾಷಣ ಬರೆಯುತ್ತಿದ್ದವಳು ಅವಳೇ. ಅಲ್ಲಿ ಯಾರೂ ಅವನನ್ನು ಸರ್ ಎನ್ನುವಂತಿರಲಿಲ್ಲ. ಅಣ್ಣ ಎನ್ನಬೇಕು. ಅವನಿಗಿಂತ ಹದಿನೈದು ವರ್ಷ ಹಿರಿಯರಾದ ವಕೀಲರೂ ಹಲ್ಲು ಕಚ್ಚಿಕೊಂಡು ಅಣ್ಣ ಎನ್ನುತ್ತಿದ್ದರು. ಸರ್ ಎನ್ನುತ್ತಿದ್ದವಳು ಇವಳೊಬ್ಬಳೇ. ಸೇರಿದ ದಿನವೇ ಅವನು ಪಕ್ಕಕ್ಕೆ ಕರೆದು ಹೇಳಿದ್ದ: “ನೀನು ಮಾತ್ರ ಸರ್ ಅನ್ನು. ಇಲ್ದಿದ್ರೆ ಜನ ಏನೇನೋ ಮಾತಾಡ್ತಾರೆ.”

ಜನ ಹೇಗೂ ಮಾತಾಡಿದರು. ಅವಳು ಬಾಗಿಲು ತಟ್ಟದೆ ಅವನ ಕೋಣೆಗೆ ನುಗ್ಗುತ್ತಿದ್ದಳು. ಒಳಗಿನಿಂದ ಏಕವಚನದ ಬೈಗುಳ ಕೇಳಿಸುತ್ತಿತ್ತು, ಬೈಯುತ್ತಿದ್ದವಳು ಅವಳು. ಕಾಫಿ ಯಂತ್ರದ ಸುತ್ತ ನಿಂತವರು ಹುಬ್ಬು ಹಾರಿಸುತ್ತಿದ್ದರು.

ಅವಳು ತಲೆ ಕೆಡಿಸಿಕೊಂಡಿರಲಿಲ್ಲ. ಅವನ ಮಾತನ್ನು ಮೊದಮೊದಲು ಮನಸಾರೆ ನಂಬಿದ್ದಳು. ‘ಯಾರಿಗೂ ಮೋಸ ಮಾಡದ ಆ್ಯಪ್’ ಎಂದು ಅವಳೇ ಬರೆದ ಸಾಲು ಗೋಡೆಯ ಮೇಲೆ ಆಳೆತ್ತರಕ್ಕೆ ನಿಂತಿತ್ತು.

ತೆಗೆಯಬೇಕಾದವರ ಪಟ್ಟಿಯಲ್ಲಿ ಹದಿನೇಳನೆಯ ಹೆಸರು ಪಕ್ಕದ ಮೇಜಿನ ಗೆಳತಿಯದು. ಆ್ಯಪ್‌ನಲ್ಲಿ ತಪ್ಪು ಹುಡುಕುವುದು ಆಕೆಯ ಕೆಲಸ. ಆಫ್ ಮಾಡಿದ ಮೇಲೂ ಅದು ಜನರ ಮಾತು ಕದ್ದು ಕೇಳುತ್ತದೆ ಎಂದು ಹೋದ ವಾರ ತುಂಬಿದ ಸಭೆಯಲ್ಲಿ ಹೇಳಿಬಿಟ್ಟಿದ್ದಳು. ತಪ್ಪು ಹುಡುಕಲು ಸಂಬಳವಿತ್ತು, ಹೇಳಲು ಇರಲಿಲ್ಲ.

ಇವಳು ಮಾಲೀಕನ ಕೋಣೆಗೆ ನುಗ್ಗಿ ಬಾಗಿಲು ಹಾಕಿಕೊಂಡಳು.

“ಅವಳು ಹೇಳಿದ್ದು ಸುಳ್ಳಾ?”

“ಸುಳ್ಳೋ ನಿಜಾನೋ, ಮನೆ ಮಾತು ಬೀದಿಗೆ ಬರಬಾರದು.”

“ಅಂದ್ರೆ ಕದ್ದು ಕೇಳ್ತಿದೆ.”

ಅವನು ಕಿಟಕಿಯತ್ತ ನೋಡಿದ. ಸುಳ್ಳು ಹೇಳುವ ಮುಂಚೆ ಅವನು ನೋಡುವುದೇ ಹಾಗೆ. ಅದು ಅವಳಿಗೆ ಗೊತ್ತಿತ್ತು.

“ಸರಿಮಾಡ್ತೀವಿ ಬಿಡು. ನೀನು ಪತ್ರ ಮುಗಿಸು.”

“ನಾನು ಬರೆಯಲ್ಲ. ನಾಚಿಕೆ ಅನ್ನೋದು ಇದ್ರೆ ನೀನೂ ಬರೀಬೇಡ.”

“ಕಂಪನಿಗಿಂತ ಯಾರೂ ದೊಡ್ಡವರಲ್ಲ. ನೀನೂ ಅಷ್ಟೇ.”

“ಗೊತ್ತು. ಆ ಸಾಲು ನಿನಗೆ ಬರ್ಕೊಟ್ಟೋಳೇ ನಾನು.”

ಅವನು ಪಟ್ಟಿಯನ್ನು ಎಳೆದುಕೊಂಡು ಕೊನೆಯಲ್ಲಿ ಇನ್ನೊಂದು ಹೆಸರು ಬರೆದ. ಒಂದು ಕ್ಷಣವೂ ಯೋಚಿಸಲಿಲ್ಲ. ಅವಳನ್ನು ಚುಚ್ಚಿದ್ದು ಅದೇ.

ಮಧ್ಯಾಹ್ನದೊಳಗೆ ಗೆಳತಿಯರಿಬ್ಬರೂ ರಟ್ಟಿನ ಪೆಟ್ಟಿಗೆ ಹಿಡಿದು ಗೇಟಿನಾಚೆ ನಿಂತಿದ್ದರು.

“ನಿನ್ನನ್ನಂತೂ ಮುಟ್ಟಲ್ಲ ಅಂದ್ಕೊಂಡಿದ್ದೆ ಕಣೆ,” ಎಂದಳು ಗೆಳತಿ. ಆಮೇಲೆ ದನಿ ತಗ್ಗಿಸಿ, “ನಿಮ್ಮಿಬ್ಬರ ನಡುವೆ ಏನೋ ಇದೆ ಅಂತಿದ್ರಲ್ಲ...”

“ಇತ್ತು. ಇವತ್ತು ಹರಿದುಹೋಯ್ತು.” ಅವಳು ಪೆಟ್ಟಿಗೆಯನ್ನು ಸೊಂಟಕ್ಕೆ ಆನಿಸಿಕೊಂಡಳು. “ನಾಳೆ ಪತ್ರಿಕೆಯವರ ಹತ್ರ ಹೋಗೋಣ. ನೀನು ತಪ್ಪು ತೋರಿಸು, ನಾನು ಬರೀತೀನಿ.”

ಮನೆಗೆ ಬಂದು ನಡೆದದ್ದನ್ನೆಲ್ಲ ಅಮ್ಮನಿಗೆ ಹೇಳಿದಳು. ಅಮ್ಮ ಒಲೆ ಆರಿಸಿದಳು, ಕೈ ಒರೆಸಿಕೊಂಡು ಫೋನ್ ಎತ್ತಿಕೊಂಡಳು.

“ಲೋ, ಒಡಹುಟ್ಟಿದ ತಂಗೀನೇ ಬೀದಿಗೆ ಹಾಕಿದೆಯಂತಲ್ಲೋ! ಊಟಕ್ಕೆ ಅಂತ ಈ ಕಡೆ ಬಾ, ಹೆತ್ತವಳ ಕೈಗೆ ಸಿಕ್ರೆ ಏನಾಗುತ್ತೆ ಅಂತ ತೋರಿಸ್ತೀನಿ.”