ಉದ್ದವ್ವನ ಸಾಕ್ಷಿ

"ಪಾಸ್ಟರು ತಲಿ ಮ್ಯಾಲ ಕೈ ಇಟ್ಟು, ನೀ ಸ್ವಸ್ಥ ಆಗೀದಿ ಅಂದ್ರು. ಅವತ್ತ ಶುಗರ್ ಗುಳಿಗಿ ತಿಪ್ಪಿಗೆ ಒಗದೇನ್ರಿ!" ಭಾನುವಾರದ ಆರಾಧನೆಯಲ್ಲಿ ಸಾಕ್ಷಿ ಹೇಳಲು ಎದ್ದ ಉದ್ದವ್ವನ ಮಾತಿಗೆ ಮೂಡಲಗಿಯ ಆ ಸಣ್ಣ ಸಭೆಯೆಲ್ಲ ಚಪ್ಪಾಳೆ ತಟ್ಟಿತು. ಪಾಸ್ಟರ್ ಸಮುವೇಲರೂ ತಟ್ಟಿದರು. ಆಗ ಅವರ ಕಣ್ಣು ಅವಳ ಬರಿಗಾಲಿನ ಮೇಲೆ ಬಿತ್ತು. ಹೆಬ್ಬೆರಳಿಗೆ ಸುತ್ತಿದ ಬಟ್ಟೆಯ ಅಂಚಿನಲ್ಲಿ ಚರ್ಮ ಕಪ್ಪಗಾಗಿತ್ತು.

ತಟ್ಟುತ್ತಿದ್ದ ಕೈಗಳು ಅಲ್ಲೇ ನಿಂತವು. ಗುಳಿಗೆ ಬಿಡೆಂದು ತಾವು ಹೇಳಿದ್ದರೇ? ಇಲ್ಲ. ಬಿಡಬೇಡವೆಂದೂ ಹೇಳಿರಲಿಲ್ಲ. ತಲೆಯ ಮೇಲೆ ಕೈಯಿಟ್ಟಾಗ ಎಲ್ಲರಿಗೂ ಅದೇ ಮಾತನ್ನು ಹೇಳುತ್ತಿದ್ದರು, ನಂಬಿಯೇ ಹೇಳುತ್ತಿದ್ದರು. ಈಗ ತಪ್ಪಾಯಿತೆಂದರೆ ಇಷ್ಟು ಜನರ ವಿಶ್ವಾಸ ಏನಾದೀತು? ಸುಮ್ಮನಿದ್ದರೆ ಈ ಕಾಲು ಏನಾದೀತು?

"ಯಾಕ್ರೀ, ಹಲ್ಲೆಲೂಯ ಅನ್ನವಲ್ರಿ?" ಉದ್ದವ್ವ ನಕ್ಕಳು. "ನಿಮ್ಮ ಪ್ರಾರ್ಥನಾ ನೀವ ನಂಬಂಗಿಲ್ಲೇನು?"

ಸಮುವೇಲರು ಪೀಠದಿಂದ ಇಳಿದು ಬಂದು, ಜೇಬಿನಿಂದ ಗುಳಿಗೆಯ ಪಟ್ಟಿಯೊಂದನ್ನು ತೆಗೆದು ಎಲ್ಲರಿಗೂ ಕಾಣುವಂತೆ ಹಿಡಿದರು. "ಇದು ನಂದು, ಅವ್ವಾ. ನನಗೂ ಶುಗರ್ ಐತಿ. ದಿನಾ ಪ್ರಾರ್ಥನಾನೂ ಮಾಡ್ತೇನಿ, ಇದನ್ನೂ ನುಂಗ್ತೇನಿ. ನಿಮಗ್ಯಾರಿಗೂ ಹೇಳಿರಲಿಲ್ಲ."

ಸಭೆಯಲ್ಲಿ ಯಾರೋ ಕೆಮ್ಮಿದರು. ಉದ್ದವ್ವನ ನಗೆ ಅರ್ಧಕ್ಕೇ ಉಳಿಯಿತು. "ಹಂಗಾರ ನಾ ಸ್ವಸ್ಥ ಆಗಿಲ್ಲೇನ್ರಿ?"

"ಅದು ನನಗ ಗೊತ್ತಿಲ್ಲವ್ವ," ಎಂದರು ಅವರು. ಬೈಬಲ್ಲನ್ನು ಪಕ್ಕದವರ ಕೈಗೆ ಕೊಟ್ಟು ಅವಳ ತೋಳು ಹಿಡಿದರು. "ನಡೀರಿ, ಈಗ ಘಟಪ್ರಭಾದ ದವಾಖಾನಿಗೆ ಹೋಗೂಣು. ಗುಳಿಗಿ ಬಿಡಿಸಿದಾಂವ ನಾನ ಅಂತ ಡಾಕ್ಟರ್ ಮುಂದ ನಾನ ಹೇಳ್ತೇನಿ."