ಕಣ್ಣು ನೋಡಿ ಅಂಕ

ಪ್ರಾಣಿಗಳ ಮುಖಚಿತ್ರವೆಂದರೆ ಕಣ್ಣು ಸ್ಪಷ್ಟವಾಗಿರಬೇಕು ಎಂಬುದು ಕ್ಯಾಮೆರಾ ಕ್ಲಬ್ಬಿನ ತೀರ್ಪುಗಾರ ಚಕ್ರಪಾಣಿಯವರ ಹಟ. ಕಣ್ಣನ್ನು ಪರದೆಯ ಮೇಲೆ ಹಿಗ್ಗಿಸಿ ನೋಡದೆ ಅವರು ಅರ್ಧ ಅಂಕವನ್ನೂ ಕೊಡುವವರಲ್ಲ. ತೆಗೆದವರ ಹೆಸರನ್ನು ಅವರಿಗೆ ಹೇಳುವಂತೆಯೂ ಇಲ್ಲ.

ಕೊನೆಯ ಚಿತ್ರ ಬಂತು, ಒಂದು ಬೆಕ್ಕಿನ ಮುಖ. ಚಕ್ರಪಾಣಿ ಸಭೆಯತ್ತ ತಿರುಗಿದರು.

"ಅರೆ, ಇದು ನಮ್ಮನೆ ಕಳ್ಳಬೆಕ್ಕು ಕಣ್ರೀ! ನಂಗಂತೂ ಶುಗರ್, ಸಿಹಿ ಮುಟ್ಟಲ್ಲ. ಡಬ್ಬಿ ಪೇಡ ಎಲ್ಲಾ ಇದ್ರ ಹೊಟ್ಟೇಗೇ!"

ಸಭೆಯೆಲ್ಲ ನಕ್ಕಿತು. ಮುಂದಿನ ಸಾಲಿನಲ್ಲಿ ಕೂತಿದ್ದ ಅವರ ಹೆಂಡತಿ ಮಾತ್ರ ನಗಲಿಲ್ಲ.

"ಕಣ್ಣು ದೊಡ್ಡದು ಮಾಡಿ," ಎಂದರು ಚಕ್ರಪಾಣಿ.

ಕ್ಲಬ್ಬಿನ ಕಾರ್ಯದರ್ಶಿ ಮಾಡಿದ.

"ಇನ್ನೂ ದೊಡ್ಡದು."

ಕಾರ್ಯದರ್ಶಿ ಪರದೆಯನ್ನೊಮ್ಮೆ, ಅವರನ್ನೊಮ್ಮೆ ನೋಡಿದ. "ಸಾರ್, ಇಷ್ಟು ಸಾಕು ಅನ್ಸುತ್ತೆ..."

"ತೀರ್ಪುಗಾರ ನೀವೋ ನಾನೋ? ಮಾಡ್ರೀ!"

ಬೆಕ್ಕಿನ ಕಣ್ಣು ಗೋಡೆಯಗಲ ಹಿಗ್ಗಿತು. ಅದರೊಳಗೆ, ಫೋಟೊ ತೆಗೆಯುತ್ತಿದ್ದವರ ಬೆನ್ನ ಹಿಂದೆ, ಪಟ್ಟೆ ಚಡ್ಡಿಯ ಚಕ್ರಪಾಣಿ ಸ್ಟೂಲಿನ ಮೇಲೆ ನಿಂತಿದ್ದರು. ಒಂದು ಕೈ ಪೇಡದ ಡಬ್ಬಿಯಲ್ಲಿತ್ತು, ಇನ್ನೊಂದು ಬಾಯಲ್ಲಿ.

ಮುಂದಿನ ಸಾಲಿನಿಂದ ಹೆಂಡತಿ ನಿಧಾನವಾಗಿ ಎದ್ದು ನಿಂತಳು.

"ಫೋಟೊ ನಂದೇ ರೀ. ಹತ್ತಕ್ಕೆ ಎಷ್ಟು ಕೊಡ್ತೀರಾ?"